ಕಿಸೊ ಕಣಿವೆಯ ಹಳೆಯ ಹಾದಿ: ಮಾಗೊಮೆಯಿಂದ ತ್ಸುಮಾಗೊವರೆಗೆ ನಡೆಯುವುದು ಹೇಗೆ

ಟೋಕಿಯೊಗೆ ಎದೊ ಎಂಬ ಹೆಸರಿದ್ದ ಕಾಲದಲ್ಲಿ ಅಲ್ಲಿಂದ ಕ್ಯೋಟೊಗೆ ಎರಡು ಹೆದ್ದಾರಿಗಳಿದ್ದವು. ತೊಕಾಯ್‌ದೊ ಕಡಲ ಬದಿಯಲ್ಲಿ ಸಾಗಿದರೆ, ನಕಸೆಂದೊ ಬೆಟ್ಟಗಳ ನಡುವೆ ಸಾಗುತ್ತಿತ್ತು. ನಕಸೆಂದೊದ ಉದ್ದ ಸುಮಾರು 530 ಕಿ.ಮೀ. ದಾರಿಯುದ್ದಕ್ಕೂ ಪ್ರಯಾಣಿಕರು ಉಳಿಯಲು, ಕುದುರೆ ಬದಲಿಸಲು 69 ತಂಗುಪಟ್ಟಣಗಳಿದ್ದವು. ಅವುಗಳಲ್ಲಿ 11 ಕಿಸೊ ಕಣಿವೆಯಲ್ಲಿದ್ದವು, ಮಾಗೊಮೆ ಮತ್ತು ತ್ಸುಮಾಗೊ ಆ ಹನ್ನೊಂದರಲ್ಲಿ ಎರಡು. 1911ರಲ್ಲಿ ಚುವೊ ರೈಲುಮಾರ್ಗ ಪೂರ್ತಿಯಾದ ಮೇಲೆ ಈ ಹಾದಿಯಲ್ಲಿ ನಡೆಯುವವರೇ ಇಲ್ಲವಾದರು, ಊರುಗಳು ಬಡವಾದವು. ಹಳೆ ಮನೆ ಕೆಡವಿ ಹೊಸದು ಕಟ್ಟಲು ಜನರ ಕೈಯಲ್ಲಿ ದುಡ್ಡಿರಲಿಲ್ಲ. ಹಳೆಯ ಮನೆಗಳು ಉಳಿದಿದ್ದಕ್ಕೆ ಆ ಬಡತನವೂ ಒಂದು ಕಾರಣ.

ತ್ಸುಮಾಗೊದಲ್ಲಿ ಮನೆಗಳನ್ನು ದುರಸ್ತಿ ಮಾಡಿ ಉಳಿಸುವ ಕೆಲಸ 1968ರಲ್ಲಿ ಶುರುವಾಯಿತು. 1971ರಲ್ಲಿ ಊರಿನವರು ತಾವೇ ಒಂದು ಕಟ್ಟಳೆ ಮಾಡಿಕೊಂಡರು: ಮನೆಯನ್ನು ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. 1976ರಲ್ಲಿ ಜಪಾನ್ ಸರ್ಕಾರ ಸಾಂಪ್ರದಾಯಿಕ ಕಟ್ಟಡಗಳ ಸಂರಕ್ಷಿತ ಪ್ರದೇಶಗಳನ್ನು ಮೊದಲ ಬಾರಿಗೆ ಆರಿಸಿದಾಗ ಈ ಊರೂ ಪಟ್ಟಿಯಲ್ಲಿತ್ತು. ನೀವು ನೋಡಲು ಹೋಗುವುದು ಜನ ಬದುಕುತ್ತಿರುವ ಊರನ್ನು ಎಂಬುದು ನೆನಪಿನಲ್ಲಿರಲಿ. ಬಾಗಿಲು ತೆರೆದಿದೆ ಎಂದು ಒಳಗೆ ಹೋಗಬೇಡಿ, ಕಿಟಕಿಗೆ ಕ್ಯಾಮೆರಾ ಹಿಡಿಯಬೇಡಿ. ಇಡೀ ಊರು ಮರದ್ದು, ಬೆಂಕಿಯ ಭಯ ದೊಡ್ಡದು. ಹಾಗಾಗಿ ಬೀದಿಯಲ್ಲಿ ಸಿಗರೇಟು ಸೇದಲೇಬಾರದು.

ಮೊದಲು ರಾತ್ರಿಯ ಜಾಗ, ಆಮೇಲೆ ಉಳಿದದ್ದು

ನಗೊಯಾದಿಂದ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು, ಬಹಳ ಮಂದಿ ಹಾಗೇ ಮಾಡುತ್ತಾರೆ. ನಮ್ಮ ಸಲಹೆ ಬೇರೆ: ಒಂದು ರಾತ್ರಿ ತ್ಸುಮಾಗೊದಲ್ಲೇ ಉಳಿಯಿರಿ. ಅಂಗಡಿಗಳು ಸಂಜೆ ಐದರ ಹೊತ್ತಿಗೆ ಮುಚ್ಚುತ್ತವೆ, ಪ್ರವಾಸಿಗರೂ ಹೊರಟಿರುತ್ತಾರೆ. ಮುಖ್ಯ ಬೀದಿಯಲ್ಲಿ ವಿದ್ಯುತ್ ತಂತಿಗಳು ಕಾಣದಂತೆ ಮಾಡಿದ್ದಾರೆ. ಬೀದಿ ಖಾಲಿಯಾದ ಮೇಲೆ ಮನೆಗಳ ಸೂರಿನ ಸಾಲು ಊರಿನ ಈ ತುದಿಯಿಂದ ಆ ತುದಿಯವರೆಗೆ ಅಡೆತಡೆಯಿಲ್ಲದೆ ಕಾಣುತ್ತದೆ. ಹಗಲಿನ ಗದ್ದಲದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.

ಉಳಿಯಲು ಸಿಗುವುದು ಮಿನ್ಶುಕು, ಅಂದರೆ ಮನೆಯವರೇ ನಡೆಸುವ ಪುಟ್ಟ ವಸತಿ. ಕೋಣೆಗಳು ಕಡಿಮೆ. ಅಕ್ಟೋಬರ್–ನವೆಂಬರ್‌ಗಾದರೆ ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸಿ. ರಾತ್ರಿಯೂಟ, ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರುತ್ತವೆ. ಊಟ ಸಾಮಾನ್ಯವಾಗಿ ಆರು ಗಂಟೆಗೆ. ತಡವಾಗಿ ಹೋದರೆ ಊಟ ತಪ್ಪುತ್ತದೆ, ಊರೊಳಗೆ ರಾತ್ರಿ ಬೇರೆ ಹೋಟೆಲು ಸಿಗದು. ನಾಲ್ಕೂವರೆಯ ಒಳಗೆ ಮನೆ ಸೇರುವಂತೆ ಲೆಕ್ಕ ಹಾಕಿ. ಕಾರ್ಡ್ ನಂಬಿಕೊಳ್ಳಬೇಡಿ, ನಗದು ಯೆನ್ ಜೊತೆಗಿರಲಿ. ಸ್ನಾನದ ತೊಟ್ಟಿಯ ನೀರು ಎಲ್ಲರಿಗೂ ಒಂದೇ: ಹೊರಗೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡ ಮೇಲೆಯೇ ತೊಟ್ಟಿಗೆ ಇಳಿಯಬೇಕು.

ಸಸ್ಯಾಹಾರಿಗಳಿಗೆ

ನಮ್ಮ ಕಡೆಯವರು ಹೆಚ್ಚು ಪೇಚಾಡುವುದು ಊಟದ ವಿಷಯದಲ್ಲಿ. ಮಾಂಸ ಬೇಡ ಎಂದರೆ ಸಾಲದು. ಜಪಾನಿನ ಸಾರು, ಸಾಸು, ಬೇಯಿಸಿದ ತರಕಾರಿಗಳಿಗೆ ಬಹುಪಾಲು ದಾಶಿ ಬೀಳುತ್ತದೆ. ಒಣ ಮೀನಿನ ಚೂರು ಕುದಿಸಿ ತೆಗೆದ ನೀರು ಅದು. ಸೋಬಾ ಶಾವಿಗೆಯಲ್ಲಿ ಮೀನಿಲ್ಲ, ಆದರೆ ಅದನ್ನು ಅದ್ದಿ ತಿನ್ನುವ ಸಾಸಿನಲ್ಲಿದೆ. ಕೋಣೆ ಕಾಯ್ದಿರಿಸುವಾಗಲೇ ಬರೆದು ತಿಳಿಸಿ: ಮಾಂಸ, ಮೀನು, ದಾಶಿ ಬೇಡ, ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಅದನ್ನೂ ಹೇಳಿ. ಅದೇ ಒಕ್ಕಣೆಯನ್ನು ಜಪಾನಿ ಲಿಪಿಯಲ್ಲಿ ಒಂದು ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ಅಲ್ಲಿಗೆ ಹೋದ ಮೇಲೆ ಹೇಳಿದರೆ ಪ್ರಯೋಜನವಿಲ್ಲ, ಅಡುಗೆ ಅಷ್ಟರಲ್ಲಿ ಶುರುವಾಗಿರುತ್ತದೆ. ಆಗುವುದಿಲ್ಲ ಎಂದು ಕೆಲವರು ಮೊದಲೇ ಹೇಳುತ್ತಾರೆ, ಆಗ ಬೇರೆ ಮನೆ ನೋಡಿ.

ದಾರಿಯಲ್ಲಿ ಸಿಗುವ ಗೊಹೆಯ್ ಮೊಚಿಯನ್ನು ಬಿಡಬೇಡಿ. ಅನ್ನವನ್ನು ಮಿದ್ದು ಕಡ್ಡಿಗೆ ಅಂಟಿಸಿ, ಸೋಯಾ ಸಾಸ್ ಅಥವಾ ಮಿಸೊ (ಹುದುಗಿಸಿದ ಸೋಯಾ ಹಿಟ್ಟು) ಜೊತೆ ಅಕ್ರೋಟು, ಎಳ್ಳು ಅರೆದ ಸಿಹಿ ಗೊಜ್ಜು ಸವರಿ ಕೆಂಡದ ಮೇಲೆ ಸುಡುತ್ತಾರೆ. ಗೊಜ್ಜಿಗೆ ದಾಶಿ ಹಾಕಿದ್ದಾರೆಯೇ ಎಂದು ಮಾತ್ರ ಕೇಳಿಕೊಳ್ಳಿ. ಶರತ್ಕಾಲದಲ್ಲಾದರೆ ನಾಕಾತ್ಸುಗಾವಾ ಪಟ್ಟಣದ ಕುರಿ ಕಿಂತೊನ್ ಸಿಗುತ್ತದೆ. ಚೆಸ್ಟ್‌ನಟ್ ತಿರುಳು, ಸಕ್ಕರೆ ಬಿಟ್ಟು ಅದರಲ್ಲಿ ಬೇರೇನೂ ಇರುವುದಿಲ್ಲ. ಚಳಿಗಾಲದ ಸುಂಕಿ ಎಂಬ ಉಪ್ಪಿಲ್ಲದ ಸೊಪ್ಪಿನ ಉಪ್ಪಿನಕಾಯಿ ಕಿಸೊ ಕಣಿವೆಯ ವಿಶೇಷ. ಮೇಲೆ ಮೀನಿನ ಚೂರು ಉದುರಿಸಬೇಡಿ ಎಂದು ಹೇಳಿ ತೆಗೆದುಕೊಳ್ಳಿ.

ದೊಡ್ಡ ಸೂಟ್‌ಕೇಸ್ ಬೇಡ

ಮಾಗೊಮೆಯ ಬೀದಿ ಕಡಿದಾದ ಕಲ್ಲುಹಾಸು. ಚಕ್ರದ ಪೆಟ್ಟಿಗೆಯನ್ನು ಅದರ ಮೇಲೆ ಎಳೆದರೆ ಚಕ್ರವೇ ಮುರಿಯುತ್ತದೆ. ದೊಡ್ಡ ಪೆಟ್ಟಿಗೆಯನ್ನು ನಗೊಯಾದ ಹೋಟೆಲಿನಿಂದಲೇ ತಕ್ಕ್ಯೂಬಿನ್ ಎಂಬ ಸಾಮಾನು ಸಾಗಣೆ ಸೇವೆಯಲ್ಲಿ ಮುಂದಿನ ನಗರದ ಹೋಟೆಲಿಗೆ ಕಳಿಸಿ, ಸಾಮಾನ್ಯವಾಗಿ ಮರುದಿನ ತಲುಪುತ್ತದೆ. ಒಂದು ರಾತ್ರಿಯ ಬಟ್ಟೆ, ಮಳೆ ಕೋಟು, ನೀರು ಇಷ್ಟು ಬೆನ್ನಚೀಲದಲ್ಲಿರಲಿ. ಅದೂ ಭಾರವೆನಿಸಿದರೆ ಮಾಗೊಮೆಯ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಬೆಳಿಗ್ಗೆ ಹನ್ನೊಂದೂವರೆಯೊಳಗೆ ಕೊಟ್ಟು, ಮಧ್ಯಾಹ್ನ ಒಂದರ ನಂತರ ತ್ಸುಮಾಗೊದ ಕೇಂದ್ರದಲ್ಲಿ ಪಡೆಯಬಹುದು. ಚೀಲವೊಂದಕ್ಕೆ ಸುಮಾರು 1,000 ಯೆನ್. ಚಳಿಗಾಲದಲ್ಲಿ ಈ ಸೇವೆ ಇಲ್ಲ.

ಹೊರಡುವ ದಿನ

ನಗೊಯಾದಿಂದ ಶಿನಾನೊ ಎಕ್ಸ್‌ಪ್ರೆಸ್‌ನಲ್ಲಿ ನಾಕಾತ್ಸುಗಾವಾಗೆ ಸುಮಾರು 50 ನಿಮಿಷ. ಟಿಕೆಟನ್ನು ಕಾಗದದಲ್ಲೇ ತೆಗೆದುಕೊಳ್ಳುವುದು ಕ್ಷೇಮ. ಟೋಕಿಯೊದಲ್ಲಿ ಉಜ್ಜುತ್ತಿದ್ದ ರೈಲು ಕಾರ್ಡ್ ಎಲ್ಲೆಡೆ ನಡೆಯುತ್ತದೆಂದು ನಂಬಿ ಕಣಿವೆಯ ಸಣ್ಣ ನಿಲ್ದಾಣದಲ್ಲಿ ಇಳಿದರೆ ಪರದಾಡಬೇಕಾದೀತು. ನಿಲ್ದಾಣದ ಮುಂದಿನಿಂದ ಮಾಗೊಮೆಗೆ ಬಸ್ಸು, ಸುಮಾರು 25 ನಿಮಿಷ. ಹತ್ತು ಗಂಟೆಯೊಳಗೆ ಮಾಗೊಮೆ ಮುಟ್ಟಿದರೆ ಇಡೀ ದಿನ ಆರಾಮ.

ಮಾಗೊಮೆ ಈ ದಾರಿಯ 43ನೇ ತಂಗುಪಟ್ಟಣ, ತ್ಸುಮಾಗೊ 42ನೆಯದು. ಮಾಗೊಮೆಯಲ್ಲಿ 1895 ಮತ್ತು 1915ರಲ್ಲಿ ಬೆಂಕಿ ಬಿದ್ದು ಹಳೆಯ ಮನೆಗಳು ಸುಟ್ಟವು. ಈಗ ಕಾಣುವುದು ಹಳೆಯ ಮಾದರಿಯಲ್ಲಿ ಮತ್ತೆ ಕಟ್ಟಿದ್ದು. ಹಾಗಾಗಿ ಇಲ್ಲಿ ಒಂದು ಗಂಟೆ ಸಾಕು, ಸಮಯವನ್ನು ತ್ಸುಮಾಗೊಗೆ ಉಳಿಸಿಕೊಳ್ಳಿ. ಊರಿನ ಕೆಳತುದಿಯಲ್ಲಿ ದಾರಿ ಲಂಬಕೋನದಲ್ಲಿ ಎರಡು ಸಲ ತಿರುಗುವುದನ್ನು ಮಾತ್ರ ಗಮನಿಸಿ. ಅದು ಮಸುಗತಾ. ಶತ್ರುಗಳು ನೇರವಾಗಿ ನುಗ್ಗದಿರಲೆಂದು ತಂಗುಪಟ್ಟಣಗಳ ಬಾಯಲ್ಲಿ ಹೀಗೆ ಮಾಡುತ್ತಿದ್ದರು.

ನಡಿಗೆ ಸುಮಾರು 8 ಕಿ.ಮೀ., ಎರಡೂವರೆಯಿಂದ ಮೂರು ಗಂಟೆ. ದಿಕ್ಕು ಮುಖ್ಯ. ಮಾಗೊಮೆ 600 ಮೀಟರ್ ಎತ್ತರದಲ್ಲಿದೆ, ನಡುವಿನ ಕಣಿವೆದಾರಿಯ ನೆತ್ತಿ ಸುಮಾರು 800, ತ್ಸುಮಾಗೊ ಸುಮಾರು 420. ಮಾಗೊಮೆಯಿಂದ ಹೊರಟರೆ ಏರು 200 ಮೀಟರ್, ತಿರುಗಿ ಬಂದರೆ ಅದರ ಹತ್ತಿರ ಹತ್ತಿರ ಎರಡರಷ್ಟು. ಏರು ಹತ್ತಲು ಕಷ್ಟಪಡುವ ಹಿರಿಯರು ಜೊತೆಗಿದ್ದರೆ ಮಾಗೊಮೆಯಿಂದ ಬಸ್ಸಿನಲ್ಲೇ ನೆತ್ತಿಯವರೆಗೆ ಹೋಗಿ, ಅಲ್ಲಿಂದ ಇಳಿಜಾರನ್ನಷ್ಟೇ ನಡೆಯಬಹುದು. ಬಸ್ಸುಗಳು ದಿನಕ್ಕೆ ಕೆಲವೇ ಇವೆ, ಹಿಂದಿನ ದಿನವೇ ವೇಳಾಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಹಾದಿಯಲ್ಲಿ ಬೋರ್ಡುಗಳಿವೆ, ದಾರಿ ತಪ್ಪುವ ಭಯವಿಲ್ಲ. ಹಳೆಯ ಹಾದಿ ಹಲವು ಕಡೆ ಡಾಂಬರು ರಸ್ತೆಯನ್ನು ದಾಟುತ್ತದೆ, ತಿರುವುಗಳಲ್ಲಿ ವಾಹನ ನೋಡಿಕೊಳ್ಳಿ. ಜಾರಿ ಬೀಳುವುದು ಹೆಚ್ಚಾಗಿ ಮಳೆಯ ನಂತರ, ಇಳಿಜಾರಿನ ಪಾಚಿಗಟ್ಟಿದ ಕಲ್ಲುಹಾಸಿನ ಮೇಲೆ. ಚಪ್ಪಲಿಯಲ್ಲಿ ಹೋಗಬೇಡಿ, ಹಿಡಿತವಿರುವ ಶೂ ಸಾಕು. ಅಲ್ಲಲ್ಲಿ ಕಂಬಕ್ಕೆ ತೂಗುಹಾಕಿದ ಗಂಟೆಗಳು ಕಾಣುತ್ತವೆ. ಈ ಕಾಡಿನಲ್ಲಿ ಕರಡಿಗಳಿವೆ, ಮನುಷ್ಯರು ಬರುವುದು ಮೊದಲೇ ಕೇಳಿಸಿದರೆ ಅವು ದೂರ ಸರಿಯುತ್ತವೆ. ಪ್ರತಿ ಗಂಟೆಯನ್ನೂ ಜೋರಾಗಿ ಬಾರಿಸಿ. ಮುಂಜಾನೆ, ಮುಸ್ಸಂಜೆ ಒಬ್ಬರೇ ನಡೆಯಬೇಡಿ.

ನೆತ್ತಿ ದಾಟಿ ಇಳಿಯುವಾಗ ಸಿಗುವ ಹಳೆಯ ಮನೆಯೊಂದರಲ್ಲಿ ಸ್ಥಳೀಯರು ನಡೆದು ಬಂದವರಿಗೆ ಚಹಾ ಕೊಡುತ್ತಾರೆ. ದುಡ್ಡು ಕೇಳುವುದಿಲ್ಲ, ಡಬ್ಬಿಗೆ ಏನಾದರೂ ಹಾಕಿ. ಹತ್ತಿರದಲ್ಲೇ, ಸಾಗಿಸುವ ಮರವನ್ನು ತಪಾಸಣೆ ಮಾಡುತ್ತಿದ್ದ ಠಾಣೆಯೊಂದು ಇದ್ದ ಜಾಗವಿದೆ, ಅದು 1869ರವರೆಗೆ ಕೆಲಸ ಮಾಡಿತು. ಹಿನೊಕಿ ಸೇರಿ ಕಿಸೊದ ಐದು ಜಾತಿಯ ಮರಗಳನ್ನು ಜನಸಾಮಾನ್ಯರು ಕಡಿಯುವಂತಿರಲಿಲ್ಲ. ಹಿನೊಕಿ ಒಂದಕ್ಕೆ ತಲೆ ಒಂದು ಎಂಬ ಮಾತು ಇಲ್ಲಿ ಇಂದಿಗೂ ಇದೆ. ಇನ್ನೂ ಕೆಳಗೆ ಒತಾಕಿ, ಮೆತಾಕಿ ಎಂಬ ಜೋಡಿ ಜಲಪಾತ.

ಈ ಹಿನ್ನೆಲೆ ಗೊತ್ತಿದ್ದರೆ ತ್ಸುಮಾಗೊದ ಒಕುಯಾ ಮನೆ ಬೇರೆಯೇ ಆಗಿ ಕಾಣುತ್ತದೆ. ಅದು ವಾಕಿ-ಹೊಂಜಿನ್, ದೊರೆಗಳು ತಂಗುತ್ತಿದ್ದ ಹೊಂಜಿನ್‌ಗೆ ಎರಡನೆಯ ದರ್ಜೆಯ ಛತ್ರ. ಈಗಿನ ಕಟ್ಟಡ 1877ರದ್ದು. ನಿಷೇಧ ತೆರವಾದ ಮೇಲೆ ಕಟ್ಟಿದ್ದರಿಂದ ಹಿನೊಕಿಯನ್ನು ಮನಸಾರೆ ಬಳಸಿದ್ದಾರೆ. ನೆಲದ ಒಲೆಯ ಹೊಗೆಗೆ ತೊಲೆಗಳು ಕಪ್ಪಾಗಿವೆ. ಆ ಹೊಗೆಯೇ ಹುಳುಗಳಿಂದ ಮರವನ್ನು ಕಾಪಾಡುತ್ತದೆ. ಒಂದೇ ಕಡೆ ಟಿಕೆಟ್ ಕೊಳ್ಳುವುದಾದರೆ ಇಲ್ಲೇ ಕೊಳ್ಳಿ.

ಮರುದಿನ

ತಿಂಡಿ ಮುಗಿಸಿ ಎಂಟರೊಳಗೆ ಬೀದಿಗಿಳಿಯಿರಿ. ಹತ್ತರಿಂದ ನಾಲ್ಕರವರೆಗೆ ಮುಖ್ಯ ಬೀದಿಗೆ ವಾಹನ ಬಿಡುವುದಿಲ್ಲ, ಆದರೆ ಜನ ತುಂಬುತ್ತಾರೆ. ಅಲ್ಲಿಂದ ನಗಿಸೊ ನಿಲ್ದಾಣಕ್ಕೆ ಬಸ್ಸಿನಲ್ಲಿ ಹತ್ತು ನಿಮಿಷ, ನಡೆದರೆ ಒಂದು ಗಂಟೆ. ಶಿನಾನೊ ಎಕ್ಸ್‌ಪ್ರೆಸ್‌ಗಳಲ್ಲಿ ಕೆಲವೇ ಇಲ್ಲಿ ನಿಲ್ಲುತ್ತವೆ, ಸಾಮಾನ್ಯ ರೈಲು ತಪ್ಪಿದರೆ ಒಂದೆರಡು ಗಂಟೆ ಕಾಯಬೇಕು. ರೈಲಿನ ಸಮಯ ನೋಡಿ ಬಸ್ಸು ಹಿಡಿಯಿರಿ.

ಅರ್ಧ ದಿನ ಉಳಿದಿದ್ದರೆ ಉತ್ತರಕ್ಕೆ, ನರಾಯ್‌ಗೆ ಹೋಗಿ. 34ನೇ ತಂಗುಪಟ್ಟಣ. ಸುಮಾರು ಒಂದು ಕಿ.ಮೀ. ಉದ್ದದ ಒಂದೇ ಬೀದಿ, ಎರಡೂ ಬದಿ ಮೇಲ್ಮಹಡಿ ಮುಂದಕ್ಕೆ ಚಾಚಿದ ಮನೆಗಳು. ನಿಲ್ದಾಣ ಊರಿನ ತುದಿಗೇ ಇರುವುದರಿಂದ ಬಸ್ಸಿನ ತಲೆನೋವಿಲ್ಲ. ಕಾಲಲ್ಲಿ ಇನ್ನೂ ಕಸುವಿದ್ದರೆ ಒಂದು ನಿಲ್ದಾಣ ಮೊದಲೇ, ಯಾಬುಹಾರಾದಲ್ಲಿ ಇಳಿದು, 1,197 ಮೀಟರ್ ಎತ್ತರದ ತೊರಿಯ್ ಕಣಿವೆದಾರಿ ಹತ್ತಿಳಿದು ನರಾಯ್ ಸೇರಿ. ಆರೇಳು ಕಿ.ಮೀ., ಎರಡೂವರೆ ಗಂಟೆ. ಹಿಮ ಬಿದ್ದ ತಿಂಗಳುಗಳಲ್ಲಿ ಇದನ್ನು ಕೈಬಿಡಿ, ನೆರಳಿನ ಹಾದಿಯಲ್ಲಿ ಮಂಜುಗಡ್ಡೆ ಬೇಗ ಕರಗುವುದಿಲ್ಲ. ನರಾಯ್‌ನಿಂದ ಶಿಯೊಜಿರಿಗೆ ರೈಲಿನಲ್ಲಿ ಇಪ್ಪತ್ತು ನಿಮಿಷ ಚಿಲ್ಲರೆ. ಟೋಕಿಯೊ ಕಡೆಗೆ, ಮತ್ಸುಮೊತೊ ಕಡೆಗೆ ರೈಲುಗಳು ಅಲ್ಲಿ ಸಿಗುತ್ತವೆ.