ಭಯಕ್ಕೊಂದು ಕೆಲಸ ಕೊಟ್ಟಾಗ: ಆಪ್ತಸಮಾಲೋಚಕನ ಅನುಭವ

ಪ್ರತಿ ಮಳೆಗಾಲದಲ್ಲೂ ನದಿ ಉಕ್ಕುವ ಸಾಧ್ಯತೆ ಇರುವ ಕಡೆ ವಿದ್ಯಾರ್ಥಿನಿಲಯದ ಆಪ್ತಸಮಾಲೋಚಕನಾಗಿ ಕೆಲಸ ಮಾಡುವ ನನಗೆ, ಅಳುವವರಿಗಿಂತ ಮೊದಲು ನಗುವವರ ಕಡೆ ಗಮನ ಹೋಗುತ್ತದೆ. ಮುನ್ನೆಚ್ಚರಿಕೆಯ ಸಂದೇಶ ಬಂದಾಗ "ಹಣೆಬರಹ ತಪ್ಪಿಸಲಾಗುತ್ತದೆಯೇ" ಎಂದು ತಮಾಷೆ ಮಾಡುವ ಹುಡುಗನೂ, ರಾತ್ರಿಯೆಲ್ಲ ಮೊಬೈಲಿನಲ್ಲಿ ನೀರಿನ ಮಟ್ಟ ನೋಡುತ್ತ ಕೂರುವ ಹುಡುಗಿಯೂ ಮೇಲ್ನೋಟಕ್ಕೆ ವಿರುದ್ಧ ಸ್ವಭಾವದವರು. ಆದರೆ ನೀರು ಒಳಗೆ ಬಂದರೆ ಯಾವ ದಾರಿಯಲ್ಲಿ ಹೊರಡುತ್ತೀರಿ ಎಂದು ಕೇಳಿದರೆ ಇಬ್ಬರ ಬಳಿಯೂ ಉತ್ತರವಿರುವುದಿಲ್ಲ. ಆದ್ದರಿಂದ ವಿದ್ಯಾರ್ಥಿಯೊಬ್ಬ ಶಾಂತವಾಗಿದ್ದಾನೆ ಎಂಬ ಮಾತ್ರಕ್ಕೆ ಅವನು ಅಪಾಯಕ್ಕೆ ಹೊಂದಿಕೊಂಡಿದ್ದಾನೆ ಎಂದು ನಾನು ಬರೆದುಕೊಳ್ಳುವುದಿಲ್ಲ.

ಒತ್ತಡವನ್ನು ಮನುಷ್ಯ ಹೇಗೆ ಎದುರಿಸುತ್ತಾನೆ ಎಂಬುದರ ಬಗ್ಗೆ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಮಂಡಿಸಿದ ವಿವರಣೆ ಇಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಅವರ ಪ್ರಕಾರ ಮನಸ್ಸು ಎರಡು ಅಂದಾಜು ಮಾಡುತ್ತದೆ: ಇದರಿಂದ ನನಗೆ ಅಪಾಯವಿದೆಯೇ, ಮತ್ತು ಎದುರಿಸಲು ನನ್ನ ಕೈಯಲ್ಲಿ ಏನಿದೆ. ಎರಡನೆಯ ಪ್ರಶ್ನೆಗೆ "ಏನೂ ಇಲ್ಲ" ಎಂಬ ಉತ್ತರ ಬಂದಾಗ ಮನುಷ್ಯ ಸಮಸ್ಯೆಯನ್ನು ಬಿಟ್ಟು ತನ್ನ ಭಾವನೆಯನ್ನಷ್ಟೇ ಸಂಭಾಳಿಸಲು ತೊಡಗುತ್ತಾನೆ. ನದಿಯನ್ನು ತಡೆಯಲಾಗದು ಎಂಬುದು ನಿಜವಾದ್ದರಿಂದ ವಿದ್ಯಾರ್ಥಿಗಳು ಈ ಕಡೆಗೆ ಸುಲಭವಾಗಿ ಜಾರುತ್ತಾರೆ. ನನ್ನ ಕೆಲಸ ಬಹುಪಾಲು ಈ ಎರಡನೆಯ ಅಂದಾಜಿನ ಮೇಲೆಯೇ ನಡೆಯುತ್ತದೆ. "ಏನೂ ಆಗುವುದಿಲ್ಲ, ಹೆದರಬೇಡಿ" ಎಂಬ ಸಮಾಧಾನವನ್ನು ನಾನು ಹೇಳುವುದಿಲ್ಲ; ಮುಂದಿನ ಜೋರು ಮಳೆಗೆ ಆ ಮಾತಿನ ಬೆಲೆ ಹೋಗುತ್ತದೆ, ಜೊತೆಗೆ ಹೇಳಿದವರ ಬೆಲೆಯೂ.

ಮೊದಲು ಲೆಕ್ಕದಿಂದ ಆರಂಭಿಸುತ್ತೇನೆ. "ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ" ಎಂಬ ಮಾತನ್ನು ಕೇಳಿದವರು, ಅದು ಈಚೆಗಷ್ಟೇ ಬಂದು ಹೋಗಿದ್ದರೆ ತಮ್ಮ ಜೀವಮಾನದಲ್ಲಿ ಇನ್ನು ಬಾರದೆಂದು ನಿಶ್ಚಿಂತರಾಗಿರುತ್ತಾರೆ. ಆ ಮಾತಿನ ಅರ್ಥ ಯಾವುದೇ ವರ್ಷದಲ್ಲಿ ಅಂಥ ಪ್ರವಾಹದ ಸಾಧ್ಯತೆ ಶೇ 1 ಎಂದಷ್ಟೇ. ನಾಲ್ಕು ವರ್ಷದ ಓದಿನ ಅವಧಿಯಲ್ಲಿ ಅದು ಸುಮಾರು ಶೇ 4, ಮೂವತ್ತು ವರ್ಷದಲ್ಲಿ ಸುಮಾರು ಶೇ 26. ಈ ಲೆಕ್ಕವನ್ನು ವಿದ್ಯಾರ್ಥಿಗಳ ಕೈಯಲ್ಲೇ ಮಾಡಿಸಿದರೆ ವಿಚಿತ್ರವಾದ ಸಂಗತಿಯೊಂದು ನಡೆಯುತ್ತದೆ: ಉಡಾಫೆ ಮಾಡುವವರು ಗಂಭೀರರಾಗುತ್ತಾರೆ, ನಿದ್ದೆಗೆಟ್ಟವರು ಹಗುರಾಗುತ್ತಾರೆ. (ಗಣಿತದ ಅಧ್ಯಾಪಕರು ಜೊತೆಗಿದ್ದರೆ ಇನ್ನೂ ಒಳ್ಳೆಯದು, ಆಪ್ತಸಮಾಲೋಚಕನ ಬಾಯಿಂದ ಬಂದ ಅಂಕಿಯನ್ನು ಯಾರೂ ಅಷ್ಟಾಗಿ ನಂಬುವುದಿಲ್ಲ.)

ಅನಂತರದ್ದು ಜವಾಬ್ದಾರಿಯ ಹಂಚಿಕೆ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಜಪಾನಿನ ಕಾಮಾಯಿಶಿ ನಗರದ ಸುಮಾರು ಮೂರು ಸಾವಿರ ಶಾಲಾ ಮಕ್ಕಳು ಬದುಕುಳಿದದ್ದನ್ನು ನಾನು ತಪ್ಪದೆ ಹೇಳುತ್ತೇನೆ. ಅಲ್ಲಿ ಪ್ರಾಧ್ಯಾಪಕ ತೊಶಿತಾಕಾ ಕಾತಾದಾ ಮೊದಲೇ ಕಲಿಸಿದ್ದ ಪಾಠಗಳೆಂದರೆ ಮುನ್ನಂದಾಜುಗಳನ್ನು ಪೂರ್ತಿ ನಂಬಬೇಡಿ, ಆ ಹೊತ್ತಿಗೆ ಸಾಧ್ಯವಿದ್ದುದನ್ನೆಲ್ಲ ಮಾಡಿ, ಎಲ್ಲರಿಗಿಂತ ಮೊದಲು ನೀವು ಹೊರಡಿ ಎಂಬುವು. ದೊಡ್ಡ ತರಗತಿಯವರು ಓಡುವುದನ್ನು ಕಂಡು ಕಿರಿಯರೂ ಹೊರಟರು, ದಾರಿಯಲ್ಲಿ ದೊಡ್ಡವರು ಅವರ ಕೈಹಿಡಿದು ನಡೆಸಿದರು. ಇದನ್ನು ಅನುಸರಿಸಿ ನಮ್ಮ ಅಣಕು ಕಾರ್ಯಾಚರಣೆಯಲ್ಲಿ ಹೆಚ್ಚು ಆತಂಕಪಡುವವರಿಗೇ ಮಹಡಿಯ ಹಾಜರಿ ಪಟ್ಟಿ, ಟಾರ್ಚು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಹೊಣೆ ಕೊಡುತ್ತೇನೆ. ಸದಾ ನೀರಿನ ಮಟ್ಟ ನೋಡುತ್ತಿದ್ದವಳಿಗೆ ನಿಗದಿತ ಹೊತ್ತಿನಲ್ಲಿ ಮಾತ್ರ ಅದನ್ನು ನೋಡಿ ಫಲಕದಲ್ಲಿ ಬರೆಯುವ ಕೆಲಸ ಕೊಟ್ಟ ಮೇಲೆ ಅವಳ ನಿದ್ದೆ ನಿಧಾನವಾಗಿ ಸುಧಾರಿಸಿತು. ಭಯ ಹೋಗಿರಲಿಲ್ಲ, ಅದಕ್ಕೊಂದು ವೇಳೆ ನಿಗದಿಯಾಗಿತ್ತು.

ಅಣಕು ಕಾರ್ಯಾಚರಣೆ ಮುಗಿದ ಕೂಡಲೇ ಎಲ್ಲರನ್ನೂ ಚದುರಿಸದೆ ಸ್ವಲ್ಪ ಹೊತ್ತು ಕೂರಿಸಿ ಮಾತನಾಡಿಸುವುದು ಅಗತ್ಯ. ಹಿಂದೆ ಮನೆ ಕಳೆದುಕೊಂಡವರಿಗೆ ಸೈರನ್ನಿನ ಸದ್ದೊಂದೇ ಸಾಕು, ಹಳೆಯದೆಲ್ಲ ಮರುಕಳಿಸುತ್ತದೆ. ಅಂಥವರಿಗೆ ಮುಂಚಿತವಾಗಿ ತಿಳಿಸುತ್ತೇನೆ, ಬೇಡವೆಂದವರನ್ನು ಒತ್ತಾಯಿಸುವುದಿಲ್ಲ. ಅನುಭವವನ್ನು ಹೇಳಿಕೊಳ್ಳಲೇಬೇಕೆಂದು ಯಾರನ್ನೂ ಕೆದಕುವುದಿಲ್ಲ.

ಈ ಕ್ರಮಕ್ಕೆ ಮಿತಿಯೂ ಇದೆ. ದುಃಸ್ವಪ್ನ, ಬೆಚ್ಚಿಬೀಳುವುದು, ನೀರಿನ ನೆನಪು ತರುವ ಜಾಗಗಳನ್ನೆಲ್ಲ ತಪ್ಪಿಸುವುದು ಘಟನೆಯ ನಂತರ ಒಂದು ತಿಂಗಳಿಗಿಂತ ಹೆಚ್ಚು ಕಾಲ ಮುಂದುವರಿದು ಓದು, ಊಟ, ಸ್ನೇಹಗಳಿಗೆ ಅಡ್ಡಿಯಾದರೆ ಮನೋವೈದ್ಯರ ಬಳಿ ಕಳುಹಿಸುತ್ತೇನೆ. ಸಾಯುವ ಮಾತು ಬಂದರೆ ತಿಂಗಳಿಗಾಗಿ ಕಾಯದೆ ಅಂದೇ ಜೊತೆಯಲ್ಲಿ ಹೋಗುತ್ತೇನೆ.