ಎದೆ ಉರಿಯದವರ ಅನ್ನನಾಳ

ನಾನು ಹಾವೇರಿಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯ. ಬ್ಯಾಡಗಿಯ ಕಡೆಯಿಂದ ಯಾರಾದರೂ ಕೆಮ್ಮುತ್ತ ಬಂದರೆ ಮೆಣಸಿನಕಾಯಿ ಘಾಟಿನ ಮೇಲೆ ತಪ್ಪು ಹೊರಿಸುವುದು ಸುಲಭ. ದಲಾಲಿ ಅಂಗಡಿಯ ಗುಮಾಸ್ತರೊಬ್ಬರ ವಿಷಯದಲ್ಲಿ ನಾನೂ ಹಾಗೇ ಮಾಡಿದೆ.

58 ವರ್ಷ, ಮುಂದೆ ಬಂದ ಹೊಟ್ಟೆ, ಮೂವತ್ತು ವರ್ಷದ ಬೀಡಿ. ಎರಡು ವರ್ಷದಿಂದ ಒಣ ಕೆಮ್ಮು, ಬೆಳಿಗ್ಗೆ ಒಡೆದ ದನಿ. ಕಫ ಪರೀಕ್ಷೆ, ಎಕ್ಸ್‌ರೇ ಎರಡೂ ಸರಿಯಿದ್ದವು. ಘಾಟು ಬಿಟ್ಟು ದೂರವಿದ್ದರೂ ಕೆಮ್ಮು ನಿಲ್ಲಲಿಲ್ಲ. ಕೊನೆಗೆ ಗಂಟಲಿಗೆ ದುರ್ಬೀನು ಹಾಕಿದಾಗ ಧ್ವನಿಪೆಟ್ಟಿಗೆಯ ಹಿಂಭಾಗ ಕೆಂಪಗಿತ್ತು.

“ಎದೆ ಉರಿಯುತ್ತದೆಯೇ ಯಜಮಾನರೇ?”

“ಇಲ್ಲ ಸಾಹೇಬರೇ, ಮಿರ್ಚಿ ತಿಂದರೂ ಏನೂ ಆಗುವುದಿಲ್ಲ.”

ಜಠರದ ಆಮ್ಲ ಗಂಟಲಿನವರೆಗೆ ಉಕ್ಕಿ ಬರುತ್ತಿರಬೇಕೆಂದು ಪ್ಯಾಂಟೊಪ್ರಜೋಲ್ ಗುಳಿಗೆ ಬರೆದೆ. ಕೆಮ್ಮು ಅರ್ಧ ಇಳಿಯಿತು. ಆರು ತಿಂಗಳು ಅದೇ ಚೀಟಿಯನ್ನು ಮುಂದುವರಿಸಿದೆ. ಗುಳಿಗೆ ಆಮ್ಲವನ್ನು ತಗ್ಗಿಸುತ್ತದೆ, ಅನ್ನನಾಳದ ಒಳಪದರ ಹೇಗಿದೆಯೆಂದು ಹೇಳುವುದಿಲ್ಲ. ಗಂಟಲಿನ ಕೆಂಪನ್ನೂ ನಂಬುವಂತಿಲ್ಲ. ಅದು ಬೀಡಿಯಿಂದಲೂ ಬರುತ್ತದೆ, ಸದಾ ಕೆಮ್ಮುವುದರಿಂದಲೂ ಬರುತ್ತದೆ. ಗಂಡಸು, ಐವತ್ತು ದಾಟಿದ ವಯಸ್ಸು, ಹೊಟ್ಟೆಯ ಬೊಜ್ಜು, ಧೂಮಪಾನ: ಬ್ಯಾರೆಟ್ಸ್ ಬದಲಾವಣೆಯನ್ನು (ಆಮ್ಲ ತಗಲಿ ತಗಲಿ ಅನ್ನನಾಳದ ಒಳಪದರ ಕರುಳಿನ ಪದರದಂತಾಗುವುದು, ಕೆಲವರಲ್ಲಿ ಮುಂದೆ ಕ್ಯಾನ್ಸರಿಗೆ ತಿರುಗಬಹುದು) ಹುಡುಕಬೇಕಾದ ಲಕ್ಷಣಗಳೆಲ್ಲ ಎದುರಿಗೇ ಕುಳಿತಿದ್ದವು.

ಹುಬ್ಬಳ್ಳಿಗೆ ಎಂಡೋಸ್ಕೋಪಿಗೆ ಕಳಿಸುವ ಮುನ್ನ ಎರಡು ವಾರ ಗುಳಿಗೆ ನಿಲ್ಲಿಸಿದೆ. ಅದು ಹುಣ್ಣನ್ನು ಒಣಗಿಸಿ ಗುರುತು ಮರೆಮಾಡಬಲ್ಲದು. ತುತ್ತು ಸಿಕ್ಕಿಕೊಳ್ಳುವುದು, ತೂಕ ಇಳಿಯುವುದು, ಕಪ್ಪು ಮಲ ಇದ್ದಿದ್ದರೆ ಒಂದು ದಿನವೂ ಕಾಯುತ್ತಿರಲಿಲ್ಲ. ಈ ಪ್ರಶ್ನೆ ಕೇಳುವುದಕ್ಕೂ ಒಂದು ಬಗೆಯಿದೆ. “ನುಂಗಲು ಕಷ್ಟವೇ?” ಎಂದರೆ ಎಲ್ಲರೂ ಇಲ್ಲ ಎನ್ನುತ್ತಾರೆ. “ಖಡಕ್ ರೊಟ್ಟಿ ತಿನ್ನುತ್ತೀರೋ, ಸಾರಿನಲ್ಲಿ ನೆನೆಸುತ್ತೀರೋ? ಯಾವಾಗಿನಿಂದ?” ಎಂದರೆ ನಿಜ ಹೊರಬರುತ್ತದೆ. ಇವರು ಖಡಕ್ಕಾಗಿಯೇ ತಿನ್ನುತ್ತಿದ್ದರು.

ಗಂಟಲಿಗೆ ಸ್ಪ್ರೇ, ಹತ್ತು ನಿಮಿಷದ ಕೆಲಸ. ಅನ್ನನಾಳ ಜಠರಕ್ಕೆ ಸೇರುವಲ್ಲಿ ಬಿಳಿಚು ಪದರದ ಬದಲು ಕೆಂಪು ನಾಲಗೆಯಂಥ ಪಟ್ಟಿ ಎರಡು ಸೆಂಟಿಮೀಟರ್ ಮೇಲೆ ಚಾಚಿತ್ತು. ತುಣುಕು ತೆಗೆದು ನೋಡಿದಾಗ ಕರುಳಿನಲ್ಲಿರುವಂಥ ಗಾಬ್ಲೆಟ್ ಕೋಶಗಳಿದ್ದವು. ಬ್ಯಾರೆಟ್ಸ್ ಖಚಿತವಾಯಿತು, ಕ್ಯಾನ್ಸರಿನತ್ತ ವಾಲಿದ ಕೋಶಗಳಿರಲಿಲ್ಲ. ಪಟ್ಟಿ ಮೂರು ಸೆಂಟಿಮೀಟರಿಗಿಂತ ಚಿಕ್ಕದಾದ್ದರಿಂದ ಐದು ವರ್ಷದ ನಂತರ ಮತ್ತೆ ಎಂಡೋಸ್ಕೋಪಿ.

ಹಾಗೆಂದು ಗಂಟಲು ಕೆರೆಯುವ ಎಲ್ಲರನ್ನೂ ಹುಬ್ಬಳ್ಳಿ ಬಸ್ಸು ಹತ್ತಿಸುವುದಿಲ್ಲ. ದಿನವಿಡೀ ಪಾಠ ಹೇಳಿ ದನಿ ಕೆಟ್ಟ ಮೂವತ್ತರ ಶಿಕ್ಷಕಿಗೆ ಅದು ಬೇಕಿಲ್ಲ. ಗುಟ್ಕಾ, ಬೀಡಿ, ಸಾರಾಯಿಯವರ ಬಗ್ಗೆ ಮಾತ್ರ ಬಿಗಿಯಾಗಿರುತ್ತೇನೆ. ನಮ್ಮ ದೇಶದಲ್ಲಿ ಅನ್ನನಾಳದ ಕ್ಯಾನ್ಸರ್ ಹೆಚ್ಚಾಗಿ ಬರುವುದು ಬ್ಯಾರೆಟ್ಸ್‌ನಿಂದಲ್ಲ, ಆ ದಾರಿಯಿಂದ.

ಗುಮಾಸ್ತರಿಗೆ ಗುಳಿಗೆ ಮತ್ತೆ ಶುರುವಾಯಿತು. ಉಳಿದ ಅರ್ಧ ಕೆಮ್ಮಿಗೂ ಆಮ್ಲವೇ ಕಾರಣವೋ ಎಂದು ತಿಳಿಯಲು 24 ಗಂಟೆ ಮೂಗಿನಲ್ಲಿ ನಳಿಕೆಯಿಟ್ಟು ಅಳೆಯಬೇಕು. ಅದಕ್ಕೆ ಅವರು ಒಪ್ಪಲಿಲ್ಲ. ಬೀಡಿ ಬಿಡುವುದಕ್ಕೂ ಇನ್ನೂ ಒಪ್ಪಿಲ್ಲ.