ಪದ್ಯದ ಸಾಲುಗಳ ಆಧಾರದ ಮೇಲೆ ಪ್ರಬಂಧ ಕಟ್ಟುವುದು ಹೇಗೆ: ‘ಗೋವಿನ ಹಾಡು’ ಇಟ್ಟುಕೊಂಡು ಒಂದು ಅಭ್ಯಾಸ

‘ಗೋವಿನ ಹಾಡಿನಲ್ಲಿ ಹುಲಿಯ ಮನಸ್ಸು ಬದಲಾಗುವ ಬಗೆಯನ್ನು ವಿಶ್ಲೇಷಿಸಿ’ ಎಂದು ಕೇಳಿದರೆ ಹೆಚ್ಚಿನವರು ಎರಡು ಪುಟ ಕಥೆ ಬರೆದು, ಕೊನೆಗೆ ‘ಸತ್ಯಕ್ಕೇ ಜಯ’ ಎಂದು ಮುಗಿಸುತ್ತಾರೆ. ಪುಣ್ಯಕೋಟಿಯ ಕಥೆ ಓದುವವರಿಗೆ ಮೊದಲೇ ಗೊತ್ತು. ಹುಲಿ ಬದಲಾಯಿತು ಎಂಬುದನ್ನು ಪದ್ಯ ಯಾವ ಮಾತುಗಳಿಂದ ನಂಬಿಸುತ್ತದೆ ಎಂಬುದನ್ನು ಪ್ರಬಂಧ ತೋರಿಸಬೇಕು. ಸುಮಾರು 700 ಪದಗಳ ಪ್ರಬಂಧಕ್ಕೆ ಒಂದೂವರೆ ಗಂಟೆ ಸಿಕ್ಕರೆ, ಅದರಲ್ಲಿ ಮೊದಲ ಅರ್ಧ ಗಂಟೆ ಓದುವುದಕ್ಕೂ ಟಿಪ್ಪಣಿಗೂ ಮೀಸಲಿಡಿ. ಅವಸರದಲ್ಲಿ ನೇರ ಬರೆಯಲು ಕುಳಿತಾಗಲೇ ಕೈ ಕಥೆಯತ್ತ ಹರಿಯುವುದು.

ಮೊದಲು ಯಾವ ಪಾಠವನ್ನು, ಅಂದರೆ ಹಾಡಿನ ಯಾವ ರೂಪವನ್ನು, ಬಳಸುತ್ತೀರಿ ಎಂದು ನಿರ್ಧರಿಸಿ. ಇದು ಬಾಯಿಂದ ಬಾಯಿಗೆ ಬಂದ ಹಾಡು, ಸಾಲುಗಳು ಪಾಠದಿಂದ ಪಾಠಕ್ಕೆ ಬದಲಾಗುತ್ತವೆ. ‘ಸತ್ಯವಾಕ್ಯಕೆ ತಪ್ಪಿ ನಡೆದರೆ’ ಎಂಬುದರ ಮುಂದೆ ಒಂದು ಕಡೆ ‘ಮೆಚ್ಚನಾ ಪರಮಾತ್ಮನು’ ಎಂದಿದ್ದರೆ ಇನ್ನೊಂದು ಕಡೆ ‘ಅಚ್ಯುತ ಹರಿ ಮೆಚ್ಚನು’ ಎಂದಿರುತ್ತದೆ. ನೆನಪಿನಿಂದ ಬರೆದರೆ ಎರಡು ಪಾಠಗಳು ಬೆರೆತುಹೋಗುತ್ತವೆ. ಮುಂದೆ ನೋಡುವಂತೆ, ಈ ಒಂದು ಸಾಲಿನ ಮೇಲೆಯೇ ಇಡೀ ವಾದ ನಿಲ್ಲಬಹುದು.

ಎರಡು ಸಲ ಓದಿ. ಮೊದಲ ಸಲ ತಡೆಯಿಲ್ಲದೆ, ಸಾಧ್ಯವಾದರೆ ಗಟ್ಟಿಯಾಗಿ. ಎರಡನೇ ಸಲ ಪೆನ್ಸಿಲ್ ಹಿಡಿದು, ಹಾಳೆಯಲ್ಲಿ ಮೂರು ಕಾಲಂ ಹಾಕಿಕೊಳ್ಳಿ: ಸಾಲು, ಅದನ್ನು ಯಾರು ಯಾರಿಗೆ ಹೇಳಿದ್ದು, ಅದರಲ್ಲಿ ನಿಮಗೆ ಕಂಡದ್ದು. ಹನ್ನೆರಡು ಸಾಲು ಸಿಕ್ಕರೆ ಸಾಕು. ಕೊನೆಗೆ ಬಳಕೆಗೆ ಬರುವುದು ಐದಾರು. ಮಧ್ಯದ ಕಾಲಂ ಬಿಡಬೇಡಿ. ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಗೆ ಶಾಲೆಯಲ್ಲಿ ಮಾಡುತ್ತಿದ್ದ ಅಭ್ಯಾಸ ಇಲ್ಲಿ ನಿಜಕ್ಕೂ ಕೈಹಿಡಿಯುತ್ತದೆ.

ಟಿಪ್ಪಣಿ ತುಂಬಿದ ಮೇಲೆ ಮರುಕಳಿಸುವ ಮಾತುಗಳನ್ನು ಹುಡುಕಿ. ಗೋವು ‘ಸತ್ಯವಾಕ್ಯಕೆ ತಪ್ಪಿ ನಡೆದರೆ ಮೆಚ್ಚನಾ ಪರಮಾತ್ಮನು’ ಎನ್ನುತ್ತದೆ. ಕೊನೆಯಲ್ಲಿ ಹುಲಿ ‘ಕನ್ನೆ ಇವಳನು ಕೊಂದು ತಿಂದರೆ ಮೆಚ್ಚನಾ ಪರಮಾತ್ಮನು’ ಎಂದುಕೊಳ್ಳುತ್ತದೆ. ದೊಡ್ಡಿಯಲ್ಲಿ ಗೋವು ಉಳಿದ ಹಸುಗಳನ್ನು ‘ತಾಯೊಡಹುಟ್ಟುಗಳಿರಾ’ ಎಂದು ಕರೆಯುತ್ತದೆ. ಹುಲಿ ಗೋವನ್ನು ‘ಎನ್ನ ಒಡಹುಟ್ಟಕ್ಕ ನೀನು’ ಎನ್ನುತ್ತದೆ. ಒಂದೇ ಮಾತು ಎರಡು ಬಾಯಲ್ಲಿ ಬಂದಿದೆ. ಪ್ರಬಂಧದ ವಾದ ಹುಟ್ಟುವುದು ಇಲ್ಲಿಂದ.

ವಾದವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಈ ಪದ್ಯ ಸತ್ಯದ ಮಹತ್ವವನ್ನು ಸಾರುತ್ತದೆ’ ಎಂದರೆ ಯಾರೂ ಇಲ್ಲವೆನ್ನುವುದಿಲ್ಲ, ಹಾಗಾಗಿ ಅದನ್ನು ಸಾಧಿಸಿ ತೋರಿಸಲು ಏನೂ ಉಳಿಯುವುದಿಲ್ಲ. ‘ಗೋವಿನ ಮಾತುಗಳನ್ನೇ ಹುಲಿಯ ಬಾಯಲ್ಲಿ ಆಡಿಸಿ ಪದ್ಯವು ಹುಲಿಯ ಬದಲಾವಣೆಯನ್ನು ಕಾಣಿಸುತ್ತದೆ’ ಎಂದರೆ ಒಬ್ಬರು ಒಪ್ಪದಿರಬಹುದು. ಒಪ್ಪಿಸಲು ಸಾಲುಗಳು ಬೇಕಾಗುತ್ತವೆ.

ಈಗ ಪ್ಯಾರಾಗಳ ಮೊದಲ ವಾಕ್ಯಗಳನ್ನಷ್ಟೇ ಬರೆದು, ಒಂದರ ಕೆಳಗೊಂದು ಇಟ್ಟು ಓದಿ. ನಾಲ್ಕು ಸಾಕು. ಆರಂಭದಲ್ಲಿ ಹುಲಿ ಎಂದರೆ ಬರೀ ಹಸಿವು ಮತ್ತು ಅಬ್ಬರ. ಗೋವಿನ ಮಾತೆಲ್ಲ ನಂಟಿನ ಮಾತು. ಕೊನೆಯಲ್ಲಿ ಹುಲಿಯೂ ಅದೇ ಮಾತಾಡುತ್ತದೆ. ನಾಲ್ಕನೆಯದು ಎದುರುವಾದ: ‘ಖಂಡವಿದೆಕೋ ಮಾಂಸವಿದೆಕೋ’ ಎಂದು ಗೋವು ಮೈಯನ್ನೇ ಒಡ್ಡಿದ್ದರಿಂದ ಹುಲಿಗೆ ಕನಿಕರ ಹುಟ್ಟಿತು, ಮಾತಿನದೇನೂ ಪಾತ್ರವಿಲ್ಲ ಎನ್ನಬಹುದಲ್ಲವೇ? ಇದಕ್ಕೆ ಉತ್ತರ ಪದ್ಯದಲ್ಲೇ ಇದೆ: ‘ಪುಣ್ಯಕೋಟಿಯ ಮಾತ ಕೇಳಿ ಕಣ್ಣ ನೀರನು ಸುರಿಸಿ’. ಹುಲಿ ಅತ್ತದ್ದು ಮಾತು ಕೇಳಿ. ಎದುರುವಾದವನ್ನು ಕಡೆಗಣಿಸಿದ ಪ್ರಬಂಧಕ್ಕೆ ಈ ಒಳ್ಳೆಯ ಸಾಲು ಸಿಗುವುದೇ ಇಲ್ಲ. ‘ಆಮೇಲೆ’, ‘ನಂತರ’ ಎಂದು ಪ್ಯಾರಾ ಶುರುವಾಗುತ್ತಿದ್ದರೆ ನೀವು ಕಥೆಗೆ ಮರಳಿದ್ದೀರಿ ಎಂದರ್ಥ.

ಒಂದು ಪ್ಯಾರಾ ಹೀಗಿರಬಹುದು: ‘ಹುಲಿ ಮೊದಲು ಕಾಣಿಸಿಕೊಳ್ಳುವುದು “ಅಬ್ಬರಿಸಿ ಹಸಿಹಸಿದು” ಬೆಟ್ಟದ ಕಿಬ್ಬಿಯಲ್ಲಿ ಇರುವ ಪ್ರಾಣಿಯಾಗಿ. “ಹಸಿ” ಎಂಬುದು ಇಮ್ಮಡಿಯಾದದ್ದರಿಂದ ಹಸಿವಿನ ತೀವ್ರತೆ ಕಿವಿಗೇ ತಾಕುತ್ತದೆ, ಮತ್ತು ಆ ಹಸಿವಿನ ಆಚೆಗೆ ಹುಲಿಗೆ ಬೇರೆ ಗುಣವನ್ನು ಆ ಸಾಲು ಕೊಡುವುದಿಲ್ಲ. ಇಂಥ ಪ್ರಾಣಿಯೇ ಕೊನೆಗೆ ಎದುರಿಗಿರುವ ಆಹಾರವನ್ನು “ಒಡಹುಟ್ಟಕ್ಕ” ಎಂದು ಕರೆಯುವುದರಿಂದ, ಬದಲಾದದ್ದು ಹಸಿವಲ್ಲ, ಎದುರಿನ ಜೀವವನ್ನು ಕಾಣುವ ರೀತಿ ಎಂದು ತಿಳಿಯುತ್ತದೆ.’ ಉಲ್ಲೇಖಗಳು ನಾಲ್ಕೈದು ಪದ ಮೀರಿಲ್ಲ, ವಾಕ್ಯದ ವ್ಯಾಕರಣದೊಳಗೇ ಕೂತಿವೆ, ಅವುಗಳ ಹಿಂದೆಯೇ ವಿವರಣೆ ಬಂದಿದೆ. ಉಲ್ಲೇಖಕ್ಕಿಂತ ವಿವರಣೆ ಕನಿಷ್ಠ ಎರಡು ಪಟ್ಟು ಇರಲಿ. ಇಡೀ ಪದ್ಯವನ್ನು ಇಳಿಸಿ ‘ಇಲ್ಲಿ ಹುಲಿಯ ಸ್ವಭಾವ ವ್ಯಕ್ತವಾಗಿದೆ’ ಎಂದು ದಾಟಿಬಿಟ್ಟರೆ, ಯಾವ ಪದದಲ್ಲಿ, ಹೇಗೆ ಎಂಬ ಕೆಲಸವನ್ನು ಓದುವವರ ಮೇಲೆ ಹೊರಿಸಿದಂತಾಯಿತು. ‘ಕೇಳಿ’ಯನ್ನು ‘ಕೇಳಿಕೊಂಡು’ ಎಂದೋ ‘ಮಾತ’ ಎಂಬುದನ್ನು ‘ಮಾತನ್ನು’ ಎಂದೋ ತಿದ್ದಬೇಡಿ. ಉದ್ಧರಣ ಚಿಹ್ನೆಯೊಳಗೆ ಪಾಠದಲ್ಲಿ ಇರುವುದೇ ಇರಬೇಕು.

ಬಹಳ ಜನ ಎಡವುವುದು ಆಧಾರಕ್ಕೆ ಮೀರಿದ ತೀರ್ಮಾನದಲ್ಲಿ. ‘ಗೋವು ಒಡಹುಟ್ಟುಗಳೇ ಎಂದದ್ದನ್ನು ಕೇಳಿ ಹುಲಿ ಅಕ್ಕ ಎಂದಿತು’ ಎಂದು ಬರೆದರೆ ತಪ್ಪು. ಗೋವು ಹಾಗೆ ಕರೆದದ್ದು ದೊಡ್ಡಿಯಲ್ಲಿ, ಹುಲಿ ಅಲ್ಲಿರಲೇ ಇಲ್ಲ. ಎರಡೂ ಮಾತನ್ನು ಕೇಳಿಸಿಕೊಂಡವರು ನಾವು, ಓದುಗರು. ಆದ್ದರಿಂದ ‘ಪದ್ಯವು ಇವೆರಡನ್ನೂ ಜೋಡಿಸಿ ಕೇಳಿಸುತ್ತದೆ’ ಎನ್ನಬಹುದು, ಅಷ್ಟೇ. ‘ಮೆಚ್ಚನಾ ಪರಮಾತ್ಮನು’ ಎಂಬುದನ್ನು ನಿಮ್ಮ ಪಾಠದಲ್ಲಿ ಗೋವು ಹುಲಿಗೆ ಹೇಳಿದೆಯೋ ಕರುವಿಗೆ ಹೇಳಿದೆಯೋ ಎಂದೂ ನೋಡಿಕೊಳ್ಳಿ. ಹುಲಿಗೇ ಹೇಳಿದ್ದರೆ ಮಾತ್ರ ‘ಕೇಳಿದ ಮಾತನ್ನೇ ಹುಲಿ ಮರಳಿ ಆಡಿತು’ ಎನ್ನಲು ಸಾಧ್ಯ. ಮಧ್ಯದ ಕಾಲಂ ಬೇಕಾದದ್ದು ಇದಕ್ಕೇ.

ಪೀಠಿಕೆಯನ್ನು ಕೊನೆಗೆ ಬರೆಯಿರಿ, ಐದು ವಾಕ್ಯ ಸಾಕು: ಕೃತಿ, ಬಳಸಿದ ಪಾಠ, ಪ್ರಶ್ನೆ, ನಿಮ್ಮ ವಾದ. ಕನ್ನಡ ಸಾಹಿತ್ಯದ ಹಿರಿಮೆಯಿಂದ ಆರಂಭಿಸುವ ಅಗತ್ಯವಿಲ್ಲ. ಮುಕ್ತಾಯದಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವ ಬದಲು, ವಾದದಿಂದ ಹೊಸದಾಗಿ ಕಾಣುವ ಒಂದು ವಿಷಯವನ್ನು ಎತ್ತಿಕೊಳ್ಳಿ. ಹುಲಿ ಗೋವನ್ನು ಬಿಟ್ಟು ಸುಮ್ಮನೆ ಹೋಗಬಹುದಿತ್ತು, ಆದರೆ ಪ್ರಾಣ ಬಿಡುತ್ತದೆ. ಅಕ್ಕ ಎಂದ ಮೇಲೆ ಹುಲಿಯಾಗಿ ಬದುಕುವ ದಾರಿ ಅದಕ್ಕೆ ಉಳಿದಿತ್ತೇ? ಇದು ಮುಕ್ತಾಯಕ್ಕೆ ತಕ್ಕ ಪ್ರಶ್ನೆ.

ಕೊನೆಯ ಹತ್ತು ನಿಮಿಷ ತಿದ್ದುವುದಕ್ಕೆ. ಕಥೆ ಹೇಳುವ ವಾಕ್ಯಗಳಿಗೆಲ್ಲ ಅಡಿಗೆರೆ ಎಳೆಯಿರಿ. ಒಂದು ಪ್ಯಾರಾದಲ್ಲಿ ಎರಡಕ್ಕಿಂತ ಹೆಚ್ಚಿದ್ದರೆ ಹೊಡೆದುಹಾಕಿ. ಆಮೇಲೆ ಪ್ರತಿ ಉಲ್ಲೇಖವನ್ನೂ ಅಕ್ಷರ ಅಕ್ಷರವಾಗಿ ಮೂಲದೊಂದಿಗೆ ಹೋಲಿಸಿ.